ಚಿಕ್ಕಮ್ಮನ ಕಾಲಿನ ಅಳತೆ

ಫೆಬ್ರವರಿ ೨, ಸೋಮವಾರ

ಮತ್ತೆ ಬರೆಯೋಕೆ ಕೂತಿದ್ದೀನಿ. ಯಾರನ್ನಾದ್ರೂ ಬೈಬೇಕು ಅನಿಸಿದಾಗ ಇದಕ್ಕಿಂತ ಒಳ್ಳೇ ಜಾಗ ಇಲ್ಲ, ಎದುರು ಮಾತಾಡಲ್ಲ.

ಇವತ್ತು ಬೈತಿರೋದು ನನ್ನ ಹಣೆಬರಹಕ್ಕೆ. ಉಡುಪು ವಿನ್ಯಾಸ ಓದ್ತೀನಿ ಅಂತ ಈ ಕಾಲೇಜಿಗೆ ಬಂದೆ. ಅಲ್ಲಿ ಸೀಟು ತುಂಬಿತ್ತು. "ಸದ್ಯಕ್ಕೆ ಪಾದರಕ್ಷೆ ವಿಭಾಗಕ್ಕೆ ಸೇರ್ಕೋ, ಆಮೇಲೆ ನೋಡೋಣ" ಅಂದ್ರು. ಆ ಆಮೇಲೆ ಇನ್ನೂ ಬಂದಿಲ್ಲ. ಮಹಡಿ ಮೇಲೆ ಅವರು ರೇಷ್ಮೆ, ಲೇಸು, ಆಳೆತ್ತರದ ಕನ್ನಡಿಗಳ ನಡುವೆ ಓಡಾಡ್ತಾರೆ. ಕೆಳಗೆ ನಾವು ಅಂಟಿನ ವಾಸನೆ ಕುಡೀತಾ ಸುತ್ತಿಗೆ ಹೊಡೀತೀವಿ. ನೆಂಟರ ಬಾಯಲ್ಲಿ ನಾನೀಗ 'ಚಪ್ಪಲಿ ಓದ್ತಿರೋ ಹುಡುಗಿ'. ಅಮ್ಮ ಅದನ್ನ ತಿದ್ದೋದನ್ನೂ ಬಿಟ್ಟುಬಿಟ್ಟಿದ್ದಾಳೆ.

ಆದ್ರೆ ಇವತ್ತೊಂದು ಒಳ್ಳೇ ಸುದ್ದಿ. ಪ್ರಿನ್ಸಿಪಾಲ್ ಮೇಡಂ ನಮ್ಮ ಕ್ಲಾಸಿಗೇ ಇಳಿದು ಬಂದು ಹೇಳಿದ್ರು, ಉಡುಪು ವಿಭಾಗದಲ್ಲಿ ಒಂದು ಸೀಟು ಖಾಲಿಯಾಗಿದೆಯಂತೆ. ಈ ಟರ್ಮಿನ ಮುಖ್ಯ ಕೆಲಸದಲ್ಲಿ ಮೊದಲ ದರ್ಜೆ ತಗೊಂಡೋರು ಕೇಳಿದ್ರೆ ಕೊಡ್ತಾರಂತೆ. "ಯಾರಿಗಾದ್ರೂ ಆಸೆ ಇದೆಯಾ?" ಅಂದಾಗ ಕೈ ಎತ್ತಿದೋಳು ನಾನೊಬ್ಬಳೇ. ಮೊಳೆ ಮೇಷ್ಟ್ರು ನನ್ನ ಕಡೆ ಒಂದು ಸಲ ನೋಡಿ ಬೋರ್ಡಿನ ಕಡೆ ತಿರುಗಿದ್ರು. ಪಾಠ ಮಾಡುವಾಗ್ಲೂ ಅವರ ತುಟಿ ಸಂದಿಯಲ್ಲಿ ಎರಡು ಮೂರು ಮೊಳೆ ಇರುತ್ತೆ, ಚರ್ಮ ಎಳೆದು ಹೊಡೆಯೋವಾಗ ಹುಡುಕಬಾರದು ಅಂತ. ಅದನ್ನ ಕಚ್ಕೊಂಡೇ ಅಷ್ಟು ಸ್ಪಷ್ಟವಾಗಿ ಹೇಗೆ ಬೈತಾರೋ ನನಗಂತೂ ಗೊತ್ತಿಲ್ಲ.

ಕೆಲಸ ಏನಪ್ಪಾ ಅಂದ್ರೆ, ಮನೆಯಲ್ಲಿ ದಿನವಿಡೀ ನಿಂತು ದುಡಿಯೋರು ಒಬ್ಬರಿಗೆ ಒಂದು ಜೊತೆ ಶೂ ಮಾಡ್ಬೇಕು. ಅವರು ಅದನ್ನ ಹಾಕ್ಕೊಂಡು ಕೆಲಸಕ್ಕೆ ಹೋಗ್ಬೇಕು. ಆಮೇಲೆ ಪರೀಕ್ಷೆಯ ದಿನ ಅವರೇ ಬಂದು ಹೇಗಿತ್ತು ಅಂತ ಹೇಳ್ಬೇಕು. "ಶೂ ಮಾತಾಡಲ್ಲ. ಕಾಲು ಬಂದು ಸಾಕ್ಷಿ ಹೇಳ್ಬೇಕು," ಅಂದ್ರು ಮೇಷ್ಟ್ರು.

ಬಸ್ಸಲ್ಲಿ ಎದುರು ಕೂತಿದ್ದ ಹೆಂಗಸಿನ ಕೋಟು ನೋಡ್ತಾ ಬಂದೆ. ಸಾಸಿವೆ ಬಣ್ಣ, ಅಗಲ ಕಾಲರು, ತೋಳಿನ ಬುಡದಲ್ಲಿ ಸಣ್ಣ ನೆರಿಗೆ. ಅಂಥದ್ದನ್ನ ಹೊಲೀಬೇಕು ನಾನು.

ಫೆಬ್ರವರಿ ೪, ಬುಧವಾರ

ನಮ್ಮ ಮನೇಲಿ ನಿಂತು ದುಡಿಯೋಳು ಅಂದ್ರೆ ಚಿಕ್ಕಮ್ಮ. ಕಾಲೇಜಿಗೆ ಹತ್ತಿರ ಅಂತ ಅಮ್ಮ ನನ್ನನ್ನ ತನ್ನ ತಂಗಿ ಮನೇಲಿ ಬಿಟ್ಟಿದ್ದಾಳೆ. ಚಿಕ್ಕಮ್ಮ ಸಲೂನಿನಲ್ಲಿ ಹೆಂಗಸರ ಕೂದಲು ಕತ್ತರಿಸ್ತಾಳೆ. ಬೆಳಿಗ್ಗೆ ಬಾಗಿಲು ತೆಗೆದಾಗ ನಿಂತ್ರೆ ಬಾಗಿಲು ಹಾಕೋವಾಗ್ಲೇ ಕೂರೋದು. ಬಾಯಿ ಅಂತೂ ಆಗ್ಲೂ ಕೂರಲ್ಲ.

"ಚಿಕ್ಕಮ್ಮ, ನಿಂಗೊಂದು ಜೊತೆ ಶೂ ಮಾಡ್ಕೊಡ್ತೀನಿ."

"ಮಾಡ್ಕೊಡೇ. ಪುಣ್ಯ ಬರುತ್ತೆ."

"ಕಾಲಿನ ಅಳತೆ ಬೇಕು."

"ನನ್ನ ಹಳೇ ಬೂಟು ಅಲ್ಲಿದೆ ನೋಡು, ಅಳ್ಕೋ."

"ಹಾಗಾಗಲ್ಲ. ಕಾಲೇ ಬೇಕು."

"ಕಾಲು ತೋರಿಸಲ್ಲ."

ತಮಾಷೆ ಅಂದ್ಕೊಂಡೆ. ಅಲ್ಲ. ಯೋಚನೆ ಮಾಡಿ ನೋಡಿದ್ರೆ ಇಷ್ಟು ದಿನದಲ್ಲಿ ಚಿಕ್ಕಮ್ಮನ ಬರಿಗಾಲು ನಾನು ನೋಡೇ ಇಲ್ಲ. ಮನೆ ಒಳಗೂ ಮುಂದೆ ಮುಚ್ಚಿರೋ ಸ್ಲಿಪ್ಪರ್ರು. ಹೆಬ್ಬೆರಳಿನ ಬುಡದಲ್ಲಿ ಮೂಳೆ ಗಂಟು ಕಟ್ಕೊಂಡು ಹೊರಗೆ ಬಂದಿದೆಯಂತೆ, ಬೆರಳು ಒಳಕ್ಕೆ ವಾಲಿದೆಯಂತೆ. ಬೇರೆಯವರ ತಲೆ ಚೆಂದ ಮಾಡಿ ಕಳಿಸೋ ಹೆಂಗಸು ತನ್ನ ಕಾಲು ಕಂಡ್ರೆ ಮುಖ ಸಿಂಡರಿಸ್ತಾಳೆ.

ಕೊನೆಗೆ ಸೀಟಿನ ವಿಷಯ ಹೇಳಿದೆ. ಮೊದಲ ದರ್ಜೆ ಬಂದ್ರೆ ಮಹಡಿ, ಇಲ್ಲದಿದ್ರೆ ಓದು ಮುಗಿಯೋ ತನಕ ಅಂಟು, ಸುತ್ತಿಗೆ ಅಂತ. ಚಿಕ್ಕಮ್ಮ ಇದ್ದ ಪಾತ್ರೆಯನ್ನೆಲ್ಲ ತೊಳೆದು ಕವುಚಿಟ್ಲು. ಆಮೇಲೆ, "ಶನಿವಾರ ಬೆಳಿಗ್ಗೆ ತಗೋ. ಕಿಟಕಿ ಪರದೆ ಎಳೆದಿರು," ಅಂದ್ಲು.

ಫೆಬ್ರವರಿ ೭, ಶನಿವಾರ

ಹಾಲಿಗೆ ಬಂದ್ರೆ ಚಿಕ್ಕಮ್ಮ ಕಾಲು ತೊಳೆದು, ಉಗುರಿಗೆ ಕೆಂಪು ಬಣ್ಣ ಹಚ್ಕೊಂಡು ಕುರ್ಚಿ ಮೇಲೆ ಕೂತಿದ್ದಾಳೆ. "ಏನು, ಕಾಲಿಗೆ ಮದುವೆನಾ?" ಅಂದೆ. ಬಾಚಣಿಗೆ ಎಸೆದ್ಲು, ತಪ್ಪಿಸ್ಕೊಂಡೆ.

ನಿಲ್ಲಿಸಿ ಅಳೀಬೇಕು ಅಂತ ಮೇಷ್ಟ್ರು ಬೋರ್ಡಿನ ಮೇಲೇ ಬರೆದಿದ್ರು. ಮೈಭಾರ ಬಿದ್ದಾಗ ಕಾಲು ಹರಡಿಕೊಳ್ಳುತ್ತೆ, ಅದೂ ಸಾಯಂಕಾಲ ಇನ್ನೂ ಊದಿರುತ್ತೆ. ಆದ್ರೆ ಚಿಕ್ಕಮ್ಮ ಎದ್ದು ನಿಲ್ಲೋಕೆ ಒಪ್ಪಲಿಲ್ಲ, ನಿಂತ್ರೆ ಗಂಟು ದೊಡ್ಡದಾಗಿ ಕಾಣುತ್ತೆ ಅಂತ. ಸರಿ ಅಂತ ಕೂತಿರೋ ಹಾಗೇ ಕಾಗದದ ಮೇಲೆ ಕಾಲಿಟ್ಟು ಸುತ್ತಲೂ ಪೆನ್ಸಿಲ್ ಓಡಿಸಿದೆ.

"ಆ ಗಂಟನ್ನ ಬಿಟ್ಟು ಬರಿ."

"ಬಿಟ್ರೆ ಅಳತೆ ತಪ್ಪುತ್ತೆ ಚಿಕ್ಕಮ್ಮ."

"ಫೋಟೋದಲ್ಲಿ ಮೊಡವೆ ಅಳಿಸಲ್ವಾ? ಹಂಗೆ ಅಂದ್ಕೋ."

ಗಂಟು ಇದ್ದ ಕಡೆ ನೆಟ್ಟಗೆ ಒಂದು ಗೆರೆ ಎಳೆದುಬಿಟ್ಟೆ. ನನಗೂ ಅದೇ ಬೇಕಿತ್ತು ಅನ್ನಿ. ನಾನು ಬರೆದಿಟ್ಟಿರೋ ವಿನ್ಯಾಸ ತುಂಬಾ ಸಪೂರ, ಅದರಲ್ಲಿ ಗಂಟಿಗೆ ಜಾಗ ಇಲ್ಲ.

ಫೆಬ್ರವರಿ ೧೧, ಬುಧವಾರ

ಅಚ್ಚಿನ ಕೆಲಸ. ಅಮ್ಮ ಫೋನಿನಲ್ಲಿ "ಅಚ್ಚು ಅಂದ್ರೆ ಏನೇ?" ಅಂದ್ಲು. ಮರದ ಕಾಲಮ್ಮಾ, ಅದರ ಮೇಲೆ ಚರ್ಮ ಎಳೆದು ಶೂ ಕಟ್ಟೋದು ಅಂದೆ. ಕಾಲೇಜಿನವರು ಸಿದ್ಧ ಅಚ್ಚು ಕೊಡ್ತಾರೆ. ನಮ್ಮವರ ಕಾಲು ಎಲ್ಲಿ ಉಬ್ಬಿದೆಯೋ ಅಲ್ಲಿ ಚರ್ಮದ ತುಂಡು ಅಂಟಿಸಿ ಅಚ್ಚನ್ನೂ ಉಬ್ಬಿಸಬೇಕು. ಎಲ್ಲರೂ ಅಂಟಿಸ್ತಾ ಕೂತಿದ್ರೆ ನಾನು ಅರ ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಒಳಮಗ್ಗುಲು ಎಷ್ಟು ನುಣ್ಣಗೆ ಬಂತು ಅಂದ್ರೆ ಎತ್ತಿ ಕೆನ್ನೆಗೆ ಒತ್ಕೋಬೇಕು ಅನಿಸ್ತು.

ಮೇಷ್ಟ್ರು ಹಾದು ಹೋಗ್ತಾ ಹೆಬ್ಬೆರಳಿಂದ ಒಂದು ಸಲ ಸವರಿದ್ರು.

"ಯಾರ ಕಾಲಿದು?"

"ನಮ್ಮ ಚಿಕ್ಕಮ್ಮನದು ಸಾರ್."

"ಕೂರಿಸಿ ಅಳೆದ್ಯೋ, ನಿಲ್ಲಿಸಿ ಅಳೆದ್ಯೋ?"

ನಿಲ್ಲಿಸಿ ಅಂದೆ. ಬಾಯಿಗೆ ಬಂದಿದ್ದು ಬಂತು. ಅವರು ಹೂಂ ಅಂದು ಮುಂದೆ ಹೋದ್ರು.

ಫೆಬ್ರವರಿ ೧೨, ಗುರುವಾರ

ಚರ್ಮ ಕೊಯ್ಯುವಾಗ ಬೆರಳು ಕೊಯ್ಕೊಂಡೆ. ಚರ್ಮಕ್ಕೇನೂ ಆಗಲಿಲ್ಲ, ಸದ್ಯ.

ಫೆಬ್ರವರಿ ೧೮, ಬುಧವಾರ

ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗಿದೆ. ನನ್ನ ಪಕ್ಕದ ಬೆಂಚಿನಲ್ಲಿ ಗಡಿಬಿಡಿ ಅಂತ ಒಬ್ಬ ಇದ್ದಾನೆ. ಹುಟ್ಟುವಾಗ್ಲೂ ಅವಸರದಲ್ಲೇ ಹುಟ್ಟಿರಬೇಕು. ಒಂದು ಕಾಲಿಗೆ ಚರ್ಮ ಕತ್ತರಿಸಿದ ಮೇಲೆ ಕಾಗದದ ನಮೂನೆಯನ್ನ ಮಗುಚಿ ಇನ್ನೊಂದು ಕಾಲಿಗೆ ಕತ್ತರಿಸಬೇಕು ತಾನೇ? ಇವನು ಮಗುಚಲೇ ಇಲ್ಲ. ಹೊಲಿಗೆ ಎಲ್ಲಾ ಮುಗಿಸಿ ಎದುರಿಗೆ ಇಟ್ಕೊಂಡ್ರೆ ಎರಡೂ ಎಡಗಾಲು. ಸ್ವಲ್ಪ ಹೊತ್ತು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ನನ್ನ ಕಡೆ ಬಗ್ಗಿ, "ನಮ್ಮಣ್ಣಂಗೆ ಒಂದು, ಪಕ್ಕದ್ಮನೆಯವರಿಗೆ ಒಂದು ಕೊಟ್ರೆ ನಡೆಯುತ್ತಾ?" ಅಂದ.

ಮೇಷ್ಟ್ರು ಮೊಳೆಗಳನ್ನ ಬಾಯಿಂದ ತೆಗೆದು ಅಂಗೈಯಲ್ಲಿ ಇಟ್ಕೊಂಡ್ರು. ದೊಡ್ಡ ಬೈಗುಳ ಬರುತ್ತೆ ಅಂತ ಎಲ್ಲರೂ ತಲೆ ಬಗ್ಗಿಸಿದ್ವಿ. "ಎರಡೂ ಎಡಗಾಲು ಇರೋ ಮನುಷ್ಯನ್ನ ಕರ್ಕೊಂಡು ಬಾ, ಮೊದಲ ದರ್ಜೆ ಕೊಡ್ತೀನಿ," ಅಂದು ಮತ್ತೆ ಬಾಯಿಗಿಟ್ಕೊಂಡ್ರು.

ಮಧ್ಯಾಹ್ನ ಅವನ ಬಲಗಾಲಿಗೆ ನಾನೇ ಕತ್ತರಿಸಿ ಕೊಟ್ಟೆ. ಆಮೇಲೆ ನನ್ನದಕ್ಕೆ ಬಂದೆ. ಒದ್ದೆ ಚರ್ಮವನ್ನ ಇಕ್ಕಳದಲ್ಲಿ ಹಿಡಿದು ಅಚ್ಚಿನ ಮೂತಿ ಮೇಲೆ ಎಳೀಬೇಕು. ಜಾಸ್ತಿ ಎಳೆದ್ರೆ ಹರಿಯುತ್ತೆ, ಕಮ್ಮಿ ಎಳೆದ್ರೆ ಸುಕ್ಕು. ಚರ್ಮ ಬೇಡ ಬೇಡ ಅಂತ ಹಟ ಮಾಡ್ತಾ ಇರುತ್ತೆ, ಒಂದು ಗಳಿಗೆಯಲ್ಲಿ ಸರಿ ಆಯ್ತು ಅಂತ ಒಪ್ಕೊಳ್ಳುತ್ತೆ. ಆ ಗಳಿಗೆ ಬೆರಳಿಗೆ ಗೊತ್ತಾಗುತ್ತೆ. ತಕ್ಷಣ ಮೊಳೆ ಹೊಡೀಬೇಕು. ಮೂತಿ ಮುಗಿಸಿ ತಲೆ ಎತ್ತಿದಾಗ ಕ್ಯಾಂಟೀನು ಮುಚ್ಚಿತ್ತು. ಹಸಿವಾಗಿದ್ದೂ ಆಮೇಲೇ ಗೊತ್ತಾಗಿದ್ದು.

ಮಹಡಿಗೆ ಹೋದ್ಮೇಲೆ ಈ ಕಾಟ ಇರಲ್ಲ.

ಫೆಬ್ರವರಿ ೨೪, ಮಂಗಳವಾರ

ಆಯ್ತು. ಶಾಯಿ ನೀಲಿ, ಕತ್ತಿಯ ಹಾಗೆ ಸಪೂರ, ಒಂದು ಹೊಲಿಗೆಯೂ ಡೊಂಕಿಲ್ಲ. ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ಆದ್ರೆ ಇದು ಊರಿಗೇ ಮುದ್ದು ಬರೋ ಕೂಸು. ಮಹಡಿಯಿಂದ ಹುಡುಗೀರು ಇಳಿದು ಬಂದು ನೋಡಿದ್ರು. ಮೇಡಂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, "ಇದನ್ನ ಮಾಡಿದೋಳು ಇಲ್ಲೇನು ಮಾಡ್ತಿದ್ದಾಳೆ?" ಅಂದ್ರು. ಅಂದ್ರೆ ಸೀಟು ಸಿಕ್ಕ ಹಾಗೇ ಅಲ್ವಾ? ಮೇಷ್ಟ್ರು ಮಾತ್ರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, "ಕಾಲು ಬರಲಿ" ಅಂದ್ರು.

ಚಿಕ್ಕಮ್ಮ ಡಬ್ಬ ತೆಗೆದು ನೋಡಿ ಮಾತೇ ಆಡ್ಲಿಲ್ಲ. ಚಿಕ್ಕಮ್ಮ ಮಾತಾಡ್ಲಿಲ್ಲ ಅಂದ್ರೆ ಅದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು. ಆಮೇಲೆ ಹಾಕ್ಕೊಂಡು ಕನ್ನಡಿ ಮುಂದೆ ನಿಂತು, "ಇದು ನನ್ನ ಕಾಲೇನೇ?" ಅಂದ್ಲು. ಕಣ್ಣು ಒದ್ದೆ ಆಗಿತ್ತು. ನನಗೂ.

ಫೆಬ್ರವರಿ ೨೬, ಗುರುವಾರ

ಚಿಕ್ಕಮ್ಮ ಎರಡು ದಿನದಿಂದ ಅದೇ ಶೂ ಹಾಕ್ಕೊಂಡು ಹೋಗ್ತಿದ್ದಾಳೆ. "ಹೇಗಿದೆ?" ಅಂದ್ರೆ "ಹೂವು ಹೂವು" ಅಂತಾಳೆ. ಸಲೂನಿಗೆ ಬಂದೋರೆಲ್ಲ ಎಲ್ಲಿ ತಗೊಂಡ್ರಿ ಅಂತ ಕೇಳಿದ್ರಂತೆ.

ಬಸ್ಸಲ್ಲಿ ಸ್ಟಾಪು ತಪ್ಪಿಸ್ಕೊಂಡು ಮುಂದೆ ಹೋದೆ. ಕಂಡಕ್ಟರಿನ ಶೂ ನೋಡ್ತಾ ಇದ್ದೆ. ಬಲಗಾಲಿನ ಅಟ್ಟೆ ಹೊರಗಡೆ ಮಾತ್ರ ಸವೆದಿದೆ. ಪಾಪ, ಕಂಬಕ್ಕೆ ಒರಗಿ ಒಂದೇ ಮಗ್ಗುಲಿಗೆ ನಿಂತು ನಿಂತು ಹಾಗಾಗಿರಬೇಕು. ಹಿಮ್ಮಡಿ ಹೊರಗಡೆಗೆ ಒಂದು ತೆಳ್ಳನೆ ತುಂಡು ಸೇರಿಸಿದ್ರೆ ಸೊಂಟ ನೋವೂ ಕಮ್ಮಿ ಆಗ್ತಿತ್ತು. ಎದುರು ಸೀಟಲ್ಲಿ ಯಾರೋ ಕೂತಿದ್ರು, ಹೊಲಿಗೆ ಬಿಟ್ಟ ಕಂದು ಶೂ.

ಮಾರ್ಚ್ ೧, ಭಾನುವಾರ

ಚಿಕ್ಕಮ್ಮ ಬೆಳಿಗ್ಗೆಯಿಂದ ಮನೆಯೊಳಗೆ ಸಾಕ್ಸ್ ಹಾಕ್ಕೊಂಡು ಓಡಾಡ್ತಿದ್ಲು. ಚಳಿ ಅಂದ್ಲು. ಫ್ಯಾನು ತಿರುಗ್ತಾ ಇತ್ತು. ನೀರು ತರೋಕೆ ಅಡುಗೆಮನೆಗೆ ಹೋಗೋವಾಗ ಪಾದದ ಹೊರ ಅಂಚಿನ ಮೇಲೆ ನಡೀತಿದ್ಲು, ಬಿಸಿ ನೆಲ ತುಳಿಯೋರ ಹಾಗೆ.

ನಾನು ಬಾಗಿಲ ಹತ್ತಿರ ಹೋಗಿ ನೀಲಿ ಶೂ ಎತ್ತಿ ಒಳಗೆ ಕೈ ಹಾಕಿದೆ. ಹೆಬ್ಬೆರಳಿನ ಬುಡಕ್ಕೆ ತಾಗೋ ಕಡೆ ಒಳಗಿನ ಬಟ್ಟೆ ಗಟ್ಟಿಯಾಗಿ ಒಣಗಿತ್ತು. ಬೆಳಕಿಗೆ ಹಿಡಿದೆ. ರಕ್ತ.

"ಸಾಕ್ಸ್ ತೆಗಿ ಚಿಕ್ಕಮ್ಮ."

"ಹೋಗೇ, ನಿಂಗೇನು ಕೆಲಸ ಇಲ್ವಾ?"

"ತೆಗಿ."

ತೆಗೆದ್ಲು. ಎರಡೂ ಕಾಲಲ್ಲಿ ಗಂಟಿನ ಮೇಲೆ ಬೊಬ್ಬೆ ಎದ್ದು ಒಡೆದಿತ್ತು. ಮೇಲೆ ಎರಡೆರಡು ಪಟ್ಟಿ. ಉಗುರಿನ ಕೆಂಪು ಬಣ್ಣ ಹಾಗೇ ಇತ್ತು.

"ಹೂವು ಅಂದ್ಯಲ್ಲ."

"ನಿಂಗೆ ಸೀಟು ಬೇಕು ಅಂದ್ಯಲ್ಲ," ಅಂದ್ಲು. "ಶುಕ್ರವಾರ ಪರೀಕ್ಷೆಗೆ ಬಂದು ಅವರೆದುರಿಗೂ ಹೂವು ಅಂತೀನಿ, ಮುಗೀತು. ನೀನು ಮಹಡಿ ಹತ್ತು. ಬೊಬ್ಬೆ ಒಂದು ವಾರಕ್ಕೆ ಹೋಗುತ್ತೆ."

ನನ್ನ ಮೇಲೆ ನನಗೇ ಸಿಟ್ಟು ಬಂತು. ಅವಳು ಗಂಟು ಬಿಟ್ಟು ಬರಿ ಅಂದಿದ್ದು ನಾಚಿಕೆಗೆ, ನಾನು ಬಿಟ್ಟಿದ್ದು ನನ್ನ ಚೆಂದಕ್ಕೆ. ಮರದ ಕಾಲನ್ನ ಉಜ್ಜಿದ್ರೆ ನಿಜವಾದ ಕಾಲು ಸಣ್ಣ ಆಗುತ್ತಾ? ಅಷ್ಟೂ ಗೊತ್ತಾಗ್ಲಿಲ್ಲ ಈ ಬುದ್ಧಿವಂತೆಗೆ. ಬಿಸಿನೀರು ಕಾಯಿಸಿ ಕಾಲು ತೊಳೆದು ಮುಲಾಮು ಹಚ್ಚಿದೆ. ಚಿಕ್ಕಮ್ಮ ಮೊದಲು ಎಳ್ಕೊಂಡ್ಲು, ಆಮೇಲೆ ಸುಮ್ಮನೆ ಬಿಟ್ಲು. ಆಮೇಲೆ, "ಇನ್ನೂ ಸ್ವಲ್ಪ ಒತ್ತೇ, ಹಿತವಾಗಿದೆ" ಅಂದ್ಲು.

ಮಾರ್ಚ್ ೨, ಸೋಮವಾರ

ಮೇಷ್ಟ್ರಿಗೆ ಎಲ್ಲಾ ಹೇಳಿಬಿಟ್ಟೆ. ಕೂರಿಸಿ ಅಳೆದಿದ್ದು, ಸುಳ್ಳು ಹೇಳಿದ್ದು, ಅರ ಹಾಕಿದ್ದು, ಬೊಬ್ಬೆ. ಹೊಸದು ಮಾಡ್ತೀನಿ ಸಾರ್ ಅಂದೆ.

"ಶುಕ್ರವಾರಕ್ಕೆ?"

"ಹೂಂ ಸಾರ್."

"ಅವಸರದ ಶೂಗೆ ಮೊದಲ ದರ್ಜೆ ಬರೋದು ಕಷ್ಟ. ಆ ನೀಲಿ ಜೊತೆ ಇಟ್ರೆ ಮೇಡಂ ಕಣ್ಣು ಮುಚ್ಚಿ ಕೊಡ್ತಾರೆ. ಗೊತ್ತಲ್ಲ?"

ಗೊತ್ತು. ಅಲ್ಲೇ ನಿಂತು ಅತ್ತೆ, ಸ್ವಲ್ಪ. ಅವರು ಕಪಾಟಿನಿಂದ ಒಂದು ಕಂದು ಚರ್ಮ ತೆಗೆದು ಮೇಜಿನ ಮೇಲೆ ಇಟ್ರು. "ಇದು ಮೆತ್ತಗಿದೆ. ಅಳೋದಾದ್ರೆ ಇದರ ಮೇಲೆ ಬೇಡ, ಕಲೆ ಬೀಳುತ್ತೆ."

ಸಾಯಂಕಾಲ ಚಿಕ್ಕಮ್ಮ ಕೆಲಸದಿಂದ ಬಂದ ತಕ್ಷಣ ಕೂರೋಕೆ ಬಿಡದೆ ಕಾಗದದ ಮೇಲೆ ನಿಲ್ಲಿಸಿದೆ. ಬೈದ್ಲು. ನಿಂತ್ಲು. ಗಂಟಿನ ಸುತ್ತಲೂ ಪೆನ್ಸಿಲ್ ಓಡಿಸಿದೆ, ಒಂದು ಕೂದಲೆಳೆ ಬಿಡದೆ. ಮೊದಲ ಸಲದ ಅಳತೆ ಪಕ್ಕದಲ್ಲಿಟ್ಟು ನೋಡಿದ್ರೆ ಅದು ಬೇರೆ ಯಾರದ್ದೋ ಕಾಲು.

ಮಾರ್ಚ್ ೪, ಬುಧವಾರ

ಮುಗೀತು. ಗಡಿಬಿಡಿ ಹಿಮ್ಮಡಿ ಅಂಟಿಸಿ ಕೊಟ್ಟ, ಎರಡೂ ಸರಿಯಾದ ಕಾಲಿಗೇ. ನೋಡೋಕೆ ಉಬ್ಬಿದ ಬನ್ನಿನ ಹಾಗಿದೆ. ಒಂದು ಕಡೆ ಹೊಲಿಗೆ ಡೊಂಕು. ಮಹಡಿಯಿಂದ ಯಾರೂ ನೋಡೋಕೆ ಬರಲಿಲ್ಲ.

ಮಾರ್ಚ್ ೬, ಶುಕ್ರವಾರ

ಪರೀಕ್ಷೆ ಮುಗೀತು.

ಮೇಡಂ, ಮೇಷ್ಟ್ರು ಮೇಜಿನ ಆ ಕಡೆ. ಚಿಕ್ಕಮ್ಮ ಕಂದು ಶೂ ಹಾಕ್ಕೊಂಡು ಈ ಕಡೆ. ಮೇಡಂ ಬಗ್ಗಿ ನೋಡಿದ್ರು, ಹುಬ್ಬು ಮೇಲೆ ಹೋಯ್ತು. "ಆ ನೀಲಿ ಜೊತೆ ಎಲ್ಲಿ? ಇದೇನಿದು, ಇಷ್ಟು ದಪ್ಪ?"

ನಾನು ಬಾಯಿ ತೆಗೆಯೋ ಮುಂಚೆ ಚಿಕ್ಕಮ್ಮ ಪಕ್ಕದ ಸ್ಟೂಲು ಎಳೆದು ಬಲಗಾಲಿನ ಶೂ, ಸಾಕ್ಸ್ ಎರಡೂ ತೆಗೆದು, ಬರಿಗಾಲು ಸ್ಟೂಲಿನ ಮೇಲೆ ಇಟ್ಟುಬಿಟ್ಲು. ಇಡೀ ಕ್ಲಾಸಿನ ಎದುರು. ಸ್ವಂತ ಮನೇಲಿ ಪರದೆ ಎಳೆಸಿದ ಹೆಂಗಸು.

"ನೋಡಿ ಮೇಡಂ, ನನ್ನ ಕಾಲು ಇರೋದೇ ಹೀಗೆ. ಈ ಗಂಟು ಯಾರಿಗೂ ಕಾಣಬಾರದು ಅಂತ ಇವಳ ಕೈಲಿ ಅಳತೇನೇ ತಪ್ಪಿಸಿದ್ದೆ. ನೀಲಿ ಜೊತೆ ನೋಡೋಕೆ ಚೆಂದ ಇತ್ತು, ಹಾಕ್ಕೊಂಡ್ರೆ ಪ್ರಾಣ ಹೋಗ್ತಿತ್ತು. ಇದನ್ನ ನಿನ್ನೆ ಹಾಕ್ಕೊಂಡು ಕೆಲಸಕ್ಕೆ ಹೋದೆ. ಮನೆಗೆ ಬಂದೆ, ಅಡುಗೆ ಮಾಡ್ದೆ, ಊಟ ಮಾಡ್ದೆ. ಮಲಗೋಕೆ ಹೋದಾಗ ನೋಡ್ತೀನಿ, ಬೂಟು ಇನ್ನೂ ಕಾಲಲ್ಲೇ ಇದೆ. ಹಾಕ್ಕೊಂಡಿದ್ದೇ ಮರೆತುಹೋಗಿತ್ತು."

ಮೇಷ್ಟ್ರು ಬಾಯಲ್ಲಿದ್ದ ಮೊಳೆ ತೆಗೆದು ಜೇಬಿಗೆ ಹಾಕ್ಕೊಂಡ್ರು. ಆಮೇಲೆ ಬಗ್ಗಿ ಚಿಕ್ಕಮ್ಮನ ಬೊಬ್ಬೆ ವಾಸಿ ಆಗಿದೆಯಾ ಅಂತ ನೋಡಿದ್ರು. "ಸರಿ, ಕಾಲು ಬಂತು," ಅಂದ್ರು.

ಬರೋವಾಗ ಚಿಕ್ಕಮ್ಮ, "ನಾನು ಎಡವಟ್ಟು ಮಾಡಿದ್ನೇನೇ? ಸೀಟು ಹೋಯ್ತಾ?" ಅಂದ್ಲು. ಹೋದ್ರೆ ಹೋಗ್ಲಿ ಬಿಡು ಅಂದೆ. ಬಾಯಿಮಾತಿಗೆ ಅಂದಿದ್ದಲ್ಲ, ಹಾಗೇ ಅನಿಸ್ತು. ಯಾಕೋ ಗೊತ್ತಿಲ್ಲ, ಸುಸ್ತಾಗಿತ್ತು ಅನಿಸುತ್ತೆ.

ಮಾರ್ಚ್ ೧೧, ಬುಧವಾರ

ಮೊದಲ ದರ್ಜೆ.

ನಂಬಿಕೆ ಬರದೆ ಎರಡು ಸಲ ಕೇಳಿದೆ. ಮೇಡಂ ನಕ್ಕು, "ಹೊಲಿಗೆ ಡೊಂಕು ಅಂತ ನಾನು ಕಮ್ಮಿ ಕೊಟ್ಟಿದ್ದೆ, ನಿಮ್ಮ ಮೇಷ್ಟ್ರು ಬಿಡಬೇಕಲ್ಲ. ಸೋಮವಾರದಿಂದ ಮಹಡಿಗೆ ಬಾ," ಅಂದ್ರು. ಗಡಿಬಿಡಿ ಮೂರನೇ ದರ್ಜೆಯಲ್ಲಿ ಪಾಸು, ಅದಕ್ಕೇ ಅವನು ಕುಣಿದಾಡ್ತಿದ್ದಾನೆ. ಅಮ್ಮ ಫೋನಿನಲ್ಲಿ ಅತ್ತುಬಿಟ್ಲು, ಇನ್ನು ನೆಂಟರಿಗೆಲ್ಲ ಸರಿಯಾಗಿ ಹೇಳ್ತೀನಿ ಅಂದ್ಲು. ಚಿಕ್ಕಮ್ಮ ನನ್ನ ಕೂದಲು ಹೊಸ ಥರ ಕತ್ತರಿಸಿದ್ಲು, ಮಹಡಿಗೆ ಹೋಗೋಳು ಹಂಗೇ ಹೋಗಬಾರದು ಅಂತ.

ಮೇಷ್ಟ್ರಿಗೆ ಹೋಗಿ ಬರ್ತೀನಿ ಅಂದೆ. ಹೂಂ ಅಂದ್ರು. ಇಕ್ಕಳ ತೊಳೆದು ಇಡೋ ತನಕ ಅಲ್ಲೇ ಸುಮ್ಮನೆ ನಿಂತಿದ್ದೆ.

ಮಾರ್ಚ್ ೧೬, ಸೋಮವಾರ

ಮಹಡಿಯಲ್ಲಿ ಮೊದಲ ದಿನ. ಕಿಟಕಿಗಳು ದೊಡ್ಡವು, ಎಲ್ಲರೂ ಮೆತ್ತಗೆ ಮಾತಾಡ್ತಾರೆ, ಅಂಟಿನ ವಾಸನೆ ಇಲ್ಲ. ನನಗೆ ಬೆಳಕಿರೋ ಕಡೆ ಮೇಜು ಕೊಟ್ರು. ಬಟ್ಟೆ ತೊಡಿಸಿ ನೋಡೋಕೆ ಒಂದು ಗೊಂಬೆ ಕೊಟ್ರು. ಟೇಪು ಹಿಡಿದು ಕೊರಳಿಂದ ಅಳೀತಾ ಬಂದೆ. ಭುಜ, ಎದೆ, ಸೊಂಟ. ಕೆಳಗೆ ಬಂದ್ರೆ ಕಾಲೇ ಇಲ್ಲ. ಒಂದು ಕಬ್ಬಿಣದ ಸರಳು, ಅದರ ತುದೀಲಿ ಗಾಲಿ.

ಟೇಪು ಹಿಡಿದು ಹಾಗೇ ಕುಕ್ಕರಗಾಲಲ್ಲಿ ಕೂತಿದ್ದೆ. ಮೇಡಂ ಬಂದು ಏನಾಯ್ತು ಅಂದ್ರು.

"ಇವಳು ಯಾವ ಶೂ ಹಾಕ್ಕೊಂಡಿರ್ತಾಳೆ ಮೇಡಂ?"

"ಯಾವುದಾದ್ರೇನು? ಗೌನು ಇಲ್ಲಿಗೆ ಮುಗಿಯುತ್ತೆ."

"ಹಿಮ್ಮಡಿ ಎತ್ತರ ಇದ್ರೆ ಸೊಂಟ ಮುಂದಕ್ಕೆ ಬರುತ್ತೆ ಅಲ್ವಾ? ಕಾಲು ನೋಯ್ತಿದ್ರೆ ಒಂದು ಭುಜ ಇಳಿಯುತ್ತೆ. ಇವಳು ದಿನವಿಡೀ ನಿಲ್ಲೋಳೋ, ಕೂರೋಳೋ?"

"ಅದು ಗೊಂಬೆ ಕಣಮ್ಮ," ಅಂದ್ರು ಮೇಡಂ. ಎಲ್ಲರೂ ನಕ್ರು. ನಾನೂ ನಕ್ಕೆ.

ಮಧ್ಯಾಹ್ನ ಕತ್ತರಿ ಮರೆತಿದ್ದೀನಿ ಅಂತ ಕೆಳಗೆ ಇಳಿದೆ. ಗಡಿಬಿಡಿ ಒಂದು ಮೂತಿ ಎಳೆಯೋಕೆ ಒದ್ದಾಡ್ತಾ ಇದ್ದ, ಸುಕ್ಕು ಸುಕ್ಕು. ಇಲ್ಲಿ ಕೊಡು ಅಂದೆ. ಮೇಷ್ಟ್ರು ಎರಡು ಸಲ ಆ ಕಡೆ ಹೋದ್ರು, ಈ ಕಡೆ ಬಂದ್ರು. ಮೂರನೇ ಸಲ ನಿಂತು, "ನೀನು ಮೇಲಲ್ವಾ ಇರಬೇಕಾದ್ದು?" ಅಂದ್ರು. ಹೌದು ಸಾರ್, ಹೊರಟೆ ಅಂದೆ. ಹೊರಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಕಾಲೇಜು ಬಿಡೋ ಗಂಟೆ ಹೊಡೆದಾಗ ನಾನಿನ್ನೂ ಅದೇ ಬೆಂಚಿನಲ್ಲಿದ್ದೆ.

ಮನೆಗೆ ಬಂದು ಹೇಳಿದ್ರೆ ಚಿಕ್ಕಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ಲು. "ಆ ಸೀಟಿಗೋಸ್ಕರ ಊರಿಗೆಲ್ಲ ಕಾಲು ತೋರಿಸಿ ಬಂದ್ನಲ್ಲೇ, ನಿನ್ನ..." ಆಮೇಲೆ ಅವಳಿಗೇ ನಗು ಬಂತು. ನಕ್ಕು ನಕ್ಕು ಸೋಫಾ ಮೇಲೆ ಬಿದ್ದು, ಸ್ಲಿಪ್ಪರ್ರು ಒದ್ದು, ಬರಿಗಾಲು ನನ್ನ ತೊಡೆ ಮೇಲೆ ಹಾಕಿದ್ಲು.

ನಾಳೆ ಬೆಳಿಗ್ಗೆ ಮೊದಲು ಮೇಡಂ ಹತ್ರ ಹೋಗಿ ಹೇಳ್ಬೇಕು, ಆ ಸೀಟು ಬೇರೆ ಯಾರಿಗಾದ್ರೂ ಕೊಡಿ ಅಂತ. ಬೈತಾರೆ. ಬೈಲಿ, ಕಾಲಿಲ್ಲದ ಗೊಂಬೆ ಜೊತೆ ನಂಗೆ ಆಗಿಬರಲ್ಲ.